ಎರಡು ಜೊತೆ ತಂತಿ, ಒಂದೇ ಕಿವಿ

ಮನುಷ್ಯನಿಗೆ ಎರಡು ಕಿವಿ. ಶ್ರವಣಾಸಕ್ತರ ಸಂಘಕ್ಕೆ ಒಂದು. ಸಂಘದ ನಿಯಮಾವಳಿಯ ಏಳನೆಯ ಕಲಮು ಹೀಗಿದೆ: 'ಸಂಘಕ್ಕೆ ಒಂದು ಗೌರವ ಕಿವಿ ಇರತಕ್ಕದ್ದು. ಯಾವ ಧ್ವನಿ ಚೆನ್ನಾಗಿದೆ, ಯಾವುದು ಚೆನ್ನಾಗಿಲ್ಲ ಎಂಬ ಬಗ್ಗೆ ಕಿವಿಯ ತೀರ್ಮಾನವೇ ಅಂತಿಮ. ಉಳಿದ ಸದಸ್ಯರು ತಮ್ಮ ಸ್ವಂತ ಕಿವಿಗಳನ್ನು ಸಂತೋಷಕ್ಕಾಗಿ ಮಾತ್ರ ಬಳಸತಕ್ಕದ್ದು.'

ಒಂಬತ್ತನೆಯ ಕಲಮು ಚಿಕ್ಕದು: 'ಕಿವಿಗೆ ಕೇಳಿಸದಾದಲ್ಲಿ ಹುದ್ದೆ ತೆರವಾಗುತ್ತದೆ.'

ಈ ಹುದ್ದೆಯಲ್ಲಿ ಹನ್ನೊಂದು ವರ್ಷದಿಂದ ಒಬ್ಬರೇ ಇದ್ದರು. ಎಲ್ಲರೂ ಅವರನ್ನು ಕಿವಿಯವರು ಎನ್ನುತ್ತಿದ್ದರು.

ಅವರು ಆಯ್ಕೆಯಾದ ಬಗೆ ಸರಳ. ಸಂಘ ಹುಟ್ಟಿದ ದಿನ ಎರಡು ಆಂಪ್ಲಿಫೈಯರುಗಳನ್ನು ಪಕ್ಕಪಕ್ಕ ಇಟ್ಟು, ಯಾವುದನ್ನು ಕೊಳ್ಳಬೇಕೆಂದು ಚರ್ಚೆ ನಡೆಯಿತು. ಹದಿಮೂರು ಜನ ಎರಡೂವರೆ ಗಂಟೆ ಮಾತಾಡಿದರು. ಹದಿನಾಲ್ಕನೆಯವರು ತೂಕ ಮತ್ತು ಅಳತೆ ಕಚೇರಿಯಿಂದ ನಿವೃತ್ತರಾದವರು. ಮೂವತ್ತನಾಲ್ಕು ವರ್ಷ ಅಂಗಡಿಗಳ ತಕ್ಕಡಿಯ ಮುಳ್ಳು ನೋಡಿ ತಲೆಯಾಡಿಸಿದವರು. ಆ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಅವರಿಗೆ ಮನೆಗೆ ಹೋಗಬೇಕಿತ್ತು. 'ಎರಡನೇದು' ಎಂದರು. ಇಷ್ಟು ಕಡಿಮೆ ಮಾತಾಡುವವರಿಗೆ ಎಷ್ಟು ಗೊತ್ತಿರಬೇಡ ಎಂದು ಎಲ್ಲರಿಗೂ ಅನಿಸಿತು. ಅವರಿಗೆ ಗೊತ್ತಿದ್ದದ್ದು ಇಷ್ಟೇ: ಎರಡನೆಯದು ಆಗಲೇ ಪ್ಲಗ್ಗಿನಲ್ಲಿತ್ತು.

ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ ಸಂಘದ ಕೋಣೆ. ಎದೆಮಟ್ಟದ ಎರಡು ಸ್ಪೀಕರು, ಎದುರಿಗೆ ಕುರ್ಚಿಗಳು. ವಾರಕ್ಕೆ ಮೂರು ಸಂಜೆ ಸಭೆ. ಪ್ರತಿ ಸಭೆಗೂ ಮುಂಚೆ ಪರೀಕ್ಷೆಯ ರೆಕಾರ್ಡು ಹಾಕುತ್ತಿದ್ದರು. ಹೆಂಗಸೊಬ್ಬರು ಹಾಡುತ್ತಾರೆ, ಜೊತೆಗೆ ಪಿಟೀಲು. ಹಾಡು ಮುಗಿದ ಮೇಲೆ ದೂರದಲ್ಲೆಲ್ಲೋ ಪುಟ್ಟ ಗಂಟೆಯೊಂದು ಮೂರು ಸಲ ಹೊಡೆಯುತ್ತದೆ. ಗಂಟೆ ಕೇಳಿಸಿದಾಗಲೆಲ್ಲ ಕಿವಿಯವರು ಕಣ್ಣು ಮುಚ್ಚಿದಂತೆಯೇ ತೋರುಬೆರಳೆತ್ತಬೇಕು. ಮೂರು ಸಲ ಎತ್ತಿದರೆ ಯಂತ್ರಗಳು ಸುಸ್ಥಿತಿಯಲ್ಲಿವೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಏಳು ವರ್ಷದ ಹಿಂದೆ ಕಿವಿಯವರ ಮನೆ ಮುಂದಿನ ಮರದಲ್ಲಿ ಹಕ್ಕಿಗಳು ಕೂಗುವುದನ್ನು ನಿಲ್ಲಿಸಿದವು. ಅವರು ನಗರಸಭೆಗೆ ದೂರು ಬರೆದರು. ಹದಿನಾಲ್ಕು ತಿಂಗಳ ಮೇಲೆ ಉತ್ತರ ಬಂತು: 'ಸ್ಥಳ ಪರಿಶೀಲನೆ ನಡೆಸಲಾಗಿದೆ. ಹಕ್ಕಿಗಳು ಕರ್ತವ್ಯದಲ್ಲಿವೆ.' ಕಚೇರಿಯವರು ಹಸಿಸುಳ್ಳು ಹೇಳುತ್ತಿದ್ದಾರೆಂದು ಅವರು ಎರಡನೆಯ ದೂರು ಬರೆಯಲು ಕೂತರು.

ಹೆಂಡತಿ ಪೆನ್ನು ಕಿತ್ತುಕೊಂಡರು. ಕಿವಿಯ ಹತ್ತಿರ ಬಾಯಿಟ್ಟು ಹೇಳಿದರು: "ಹಕ್ಕಿ ಎಲ್ಲೂ ಹೋಗಿಲ್ಲ ರೀ. ಬೆಳಗಾದ್ರೆ ಪ್ರಾಣ ತಿಂತಾವೆ. ಹೋಗಿರೋದು ನಿಮ್ಮ ಕಿವಿ."

"ಹ್ಞೂಂ."

"ಹ್ಞೂಂ ಅಂದ್ರೆ? ಡಾಕ್ಟರಿಗೆ ತೋರಿಸಿ."

"ಸಂಘಕ್ಕೆ ಗೊತ್ತಾಗುತ್ತೆ."

"ಗೊತ್ತಾದ್ರೆ ಏನಂತೆ? ನಿಮ್ಮಪ್ಪನ ಗಂಟು ಹೋಗುತ್ತಾ?"

ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಸಂಘದ ಕೋಣೆಗೆ ಕಾಲಿಟ್ಟರೆ ಹದಿಮೂರು ಜನ ಎದ್ದು ನಿಲ್ಲುತ್ತಿದ್ದರು. ಮನೆಗೆ ಕಾಲಿಟ್ಟರೆ ಹೆಂಡತಿ ಕಾಲೊರೆಸಿಕೊಳ್ಳಿ ಎನ್ನುತ್ತಿದ್ದರು. ಎಪ್ಪತ್ತೊಂದರ ವಯಸ್ಸಿನಲ್ಲಿ ಇವೆರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಒಂಬತ್ತನೆಯ ಕಲಮು ಅವರಿಗೆ ಬಾಯಿಪಾಠವಾಗಿತ್ತು.

ಹಾಗಾಗಿ ಅವರು ಎಣಿಸುವುದನ್ನು ಕಲಿತರು. ಹಾಡು ಮಬ್ಬಾಗಿಯಾದರೂ ಕೇಳಿಸುತ್ತಿತ್ತು; ಗಂಟೆಯಂಥ ತೆಳು ಧ್ವನಿ ಮಾತ್ರ ಇಲ್ಲ. ಹಾಡಿನ ಕೊನೆಯ ಸಾಲು ಮುಗಿದ ಮೇಲೆ ಒಂಬತ್ತು ಎಣಿಸಿ ಬೆರಳು. ನಾಲ್ಕು ಎಣಿಸಿ ಬೆರಳು. ಮತ್ತೆ ನಾಲ್ಕು, ಮತ್ತೆ ಬೆರಳು. ಆರು ವರ್ಷದಲ್ಲಿ ಒಮ್ಮೆಯೂ ತಪ್ಪಲಿಲ್ಲ. ಕಿವಿ ಚೆನ್ನಾಗಿದ್ದ ಕಾಲದಲ್ಲಿ ಎರಡು ಸಲ ತಪ್ಪಿದ್ದರು.

ಹೀಗಿರುವಾಗ ಶ್ರವಣ ಸಂಘಗಳ ಒಕ್ಕೂಟದಿಂದ ಸುತ್ತೋಲೆ ಬಂತು.

'ಸ್ಪೀಕರಿಗೆ ಒಂದೇ ಜೊತೆ ತಂತಿಯಲ್ಲಿ ತೆಳು ಧ್ವನಿಯನ್ನೂ ದಪ್ಪ ಧ್ವನಿಯನ್ನೂ ಒಟ್ಟಿಗೆ ಕಳುಹಿಸುವುದರಿಂದ ದಾರಿಯಲ್ಲಿ ಅವುಗಳ ನಡುವೆ ತಳ್ಳಾಟ ನಡೆಯುತ್ತಿರುವುದು ಒಕ್ಕೂಟದ ಗಮನಕ್ಕೆ ಬಂದಿದೆ. ಇನ್ನು ಮುಂದೆ ತೆಳು ಧ್ವನಿಗೆ ಒಂದು ಜೊತೆ, ದಪ್ಪ ಧ್ವನಿಗೆ ಒಂದು ಜೊತೆ, ಹೀಗೆ ಪ್ರತಿ ಸ್ಪೀಕರಿಗೂ ಎರಡು ಜೊತೆ ತಂತಿ ಎಳೆದ ಸಂಘಗಳಿಗೆ ಮಾತ್ರ ಮೊದಲ ದರ್ಜೆ ನೀಡಲಾಗುವುದು.'

ಕಾರ್ಯದರ್ಶಿಗಳು ಇದನ್ನು ಓದಿದರು. ಅವರದು ಔಷಧಿ ಅಂಗಡಿ. ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರು ಸ್ವಲ್ಪ ಹೊತ್ತು ಸ್ಪೀಕರುಗಳನ್ನು ದಿಟ್ಟಿಸಿದರು.

"ಅಂದ್ರೆ ಹನ್ನೊಂದು ವರ್ಷದಿಂದ ನಮ್ಮಲ್ಲಿ ತಳ್ಳಾಟ ನಡೀತಾ ಇತ್ತು?"

"ನಂಗೆ ಮೊದಲಿಂದ್ಲೂ ಅನುಮಾನ ಇತ್ತು" ಎಂದರು ಕಾರ್ಯದರ್ಶಿಗಳು.

"ಹೇಳ್ಬೇಕಿತ್ತಲ್ಲ ಮಾರಾಯ್ರೇ."

"ನನ್ನ ಕಿವಿ ಸಂತೋಷಕ್ಕೆ ಮಾತ್ರ ಇರೋದು. ಏಳನೇ ಕಲಮು."

ಎಲ್ಲರೂ ಕಿವಿಯವರ ಕಡೆ ತಿರುಗಿದರು. ಕಿವಿಯವರು "ಹ್ಞೂಂ" ಎಂದರು. ಠರಾವು ಪಾಸಾಯಿತು.

ಜೋಡಣೆಯ ಕೆಲಸವೂ ಅವರ ಪಾಲಿಗೇ ಬಂತು. ಆಂಪ್ಲಿಫೈಯರನ್ನು ಕಿವಿಯ ಹೊರತು ಬೇರಾರೂ ಮುಟ್ಟಕೂಡದೆಂಬುದು ಹನ್ನೆರಡನೆಯ ಕಲಮು. ಒಂದು ಭಾನುವಾರ ಬೆಳಿಗ್ಗೆ ಅವರು ಸ್ಪೀಕರುಗಳ ಹಿಂದೆ ಮೊಣಕಾಲೂರಿದರು. ಪ್ರತಿ ಸ್ಪೀಕರಿನ ಬೆನ್ನಿಗೂ ನಾಲ್ಕು ತಿರುಪುಗಳು. ಮೇಲಿನ ಎರಡು ತೆಳು ಧ್ವನಿ ಹೊರಡಿಸುವ ಪುಟ್ಟ ಸ್ಪೀಕರಿಗೆ, ಕೆಳಗಿನ ಎರಡು ದಪ್ಪ ಧ್ವನಿಯ ದೊಡ್ಡದಕ್ಕೆ. ಮೇಲಿನದಕ್ಕೂ ಕೆಳಗಿನದಕ್ಕೂ ನಂಟು ಹಾಕಿದ ಹಿತ್ತಾಳೆಯ ಪಟ್ಟಿಗಳು ಬೆರಳುದ್ದ ಇದ್ದವು. ಎರಡು ಜೊತೆ ತಂತಿ ಎಳೆಯುವಾಗ ಇವುಗಳನ್ನು ತೆಗೆಯಲೇಬೇಕು. ತೆಗೆದರು. ಒಟ್ಟು ನಾಲ್ಕು ಪಟ್ಟಿ. ಅವನ್ನು 'ಹೆಚ್ಚುವರಿ ಲೋಹ' ಎಂದು ದಾಖಲಿಸಿ, ವಿಲೇವಾರಿಗೆ ಮೂವರ ಉಪಸಮಿತಿ ನೇಮಿಸಲಾಯಿತು. ಉಪಸಮಿತಿ ಈಗಲೂ ಸಭೆ ಸೇರುತ್ತಿದೆ.

ಹದಿಮೂರು ಜನ ಸುತ್ತ ನಿಂತು ಸಲಹೆ ಕೊಟ್ಟರು.

"ಕೆಂಪಿಗೆ ಕೆಂಪು ಸಾರ್."

"ಗೊತ್ತು."

"ಕಪ್ಪಿಗೆ ಕಪ್ಪು."

"ಬೆಳಕು ಬಿಡಿ."

ತಂತಿಯ ಇನ್ನೊಂದು ತುದಿ ಆಂಪ್ಲಿಫೈಯರಿಗೆ. ಅದರ ಹಿಂದೆ ಎರಡು ಸಾಲು, 'ಎ' ಮತ್ತು 'ಬಿ'. ಹಳೆಯ ತಂತಿ ಇದ್ದದ್ದು 'ಎ' ಸಾಲಿನಲ್ಲಿ. ಈಗ ದಪ್ಪ ಧ್ವನಿಯ ತಂತಿಗಳನ್ನು 'ಎ'ಗೂ ತೆಳು ಧ್ವನಿಯ ತಂತಿಗಳನ್ನು 'ಬಿ'ಗೂ ಬಿಗಿದರು. ಅಚ್ಚುಕಟ್ಟಾದ ಕೆಲಸ. ಇನ್ನು ಉಳಿದದ್ದು ಮುಂದುಗಡೆಯ ಒಂದು ಗುಂಡಿ. ಅದು 'ಎ', 'ಬಿ', 'ಎರಡೂ' ಎಂದು ಮೂರು ಕಡೆ ತಿರುಗುತ್ತದೆ. ಹನ್ನೊಂದು ವರ್ಷದಿಂದ 'ಎ' ಎಂಬಲ್ಲೇ ಇತ್ತು. ಅದನ್ನು 'ಎರಡೂ' ಎಂಬಲ್ಲಿಗೆ ತಿರುಗಿಸಬೇಕಿತ್ತು. ಅಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಇಬ್ಬರು ಬಂದು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಗುಂಡಿ ಮರೆತೇಹೋಯಿತು.

ಅಂದರೆ ತೆಳು ಧ್ವನಿಗೆ ಹೊಸ ರಸ್ತೆ ಆಗಿತ್ತು. ಮನೆಯ ಬಾಗಿಲಿಗೆ ಮಾತ್ರ ಹೊರಗಿನಿಂದ ಬೀಗ ಹಾಕಿತ್ತು.

ಪರೀಕ್ಷೆಯ ರೆಕಾರ್ಡು ಹಾಕಿದರು. ಹೆಂಗಸು ಹಾಡತೊಡಗಿದರು. ಯಾರೋ ಅವರ ಮೇಲೆ ಹಾಸಿಗೆ ಹಾಕಿ ಕೂತಂತಿತ್ತು. ಪಿಟೀಲು ಇಲ್ಲವೇ ಇಲ್ಲ ಅನ್ನುವಷ್ಟು. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಬೆಕ್ಕಿಗೆ ಗಂಟೆ ಕಟ್ಟುವವರಾರು? ಎಲ್ಲರೂ ಕಿವಿಯವರನ್ನೇ ನೋಡುತ್ತ ಕೂತರು.

ಕಿವಿಯವರು ಕಣ್ಣು ಮುಚ್ಚಿದ್ದರು. ಆರು ವರ್ಷದಿಂದ ಕೇಳುತ್ತಿದ್ದದ್ದನ್ನೇ ಕೇಳುತ್ತಿದ್ದರು. ಅವರಿಗೆ ಏನೂ ಬದಲಾಗಿರಲಿಲ್ಲ. ಹಾಡು ಮುಗಿಯಿತು. ಒಂಬತ್ತು ಎಣಿಸಿದರು. ಬೆರಳೆತ್ತಿದರು. ನಾಲ್ಕು, ಬೆರಳು. ನಾಲ್ಕು, ಬೆರಳು.

ಕೋಣೆಯಲ್ಲಿ ಗಂಟೆ ಹೊಡೆದೇ ಇರಲಿಲ್ಲ.

ಮೊದಲು ಉಸಿರು ಬಿಟ್ಟವರು ಅಧ್ಯಕ್ಷರು. "ಅಬ್ಬಾ! ಗಂಟೆ ಎಷ್ಟು ಸೂಕ್ಷ್ಮ ಆಗಿದೆ ನೋಡಿ. ಇವರಿಗೆ ಮಾತ್ರ ಸಿಗ್ತಾ ಇದೆ."

"ಹಾಡೂ ಅಷ್ಟೇ, ಎಂಥ ತಂಪು!" ಎಂದರು ಕಾರ್ಯದರ್ಶಿಗಳು. "ಮುಂಚೆ ಎಲ್ಲ ಕಿವಿಗೆ ಚುಚ್ಚೋದು."

"ತಳ್ಳಾಟ ನಿಂತುಹೋಯ್ತಲ್ಲ" ಎಂದು ಹಿಂದಿನಿಂದ ಯಾರೋ ಹೇಳಿದರು. ಒಬ್ಬರ ಕಣ್ಣಲ್ಲಿ ನೀರೂ ಬಂತು. ಮೂರನೆಯ ಸಭೆಯ ಹೊತ್ತಿಗೆ ಕಿವಿಯವರ ಜೊತೆ ಹದಿಮೂರು ಜನವೂ ಬೆರಳೆತ್ತುತ್ತಿದ್ದರು, ಅರೆಕ್ಷಣ ತಡವಾಗಿ.

ಒಕ್ಕೂಟದ ಪರಿವೀಕ್ಷಕರು ಬಂದರು. ತಂತಿ ಎಣಿಸಿದರು. ಕೂತು ಕೇಳಿದರು. ನಾಲ್ಕು ಸಲ ಬೆರಳೆತ್ತಿದರು. ಹೆಚ್ಚುವರಿ ಗಂಟೆಯನ್ನು ವರದಿಯಲ್ಲಿ ವಿಶೇಷವಾಗಿ ಶ್ಲಾಘಿಸಿ, ಸಂಘಕ್ಕೆ ಮೊದಲ ದರ್ಜೆ ಕೊಟ್ಟರು. ಚೌಕಟ್ಟು ಹಾಕಿದ ಪ್ರಮಾಣಪತ್ರ ಗೋಡೆಗೇರಿತು. ಇಂಥ ತಂಪು ಮನೆಯಲ್ಲೂ ಬೇಕೆಂದು ಸದಸ್ಯರು ಕೇಳತೊಡಗಿದ ಮೇಲೆ, ಕಾರ್ಯದರ್ಶಿಗಳು ತಮ್ಮ ಅಂಗಡಿಯ ಹತ್ತಿಯ ಪೊಟ್ಟಣಗಳ ಮೇಲೆ 'ಮೊದಲ ದರ್ಜೆಯ ಶ್ರವಣಕ್ಕೆ' ಎಂಬ ಚೀಟಿ ಅಂಟಿಸಿದರು. ಹತ್ತಿ ಅದೇ. ಬೆಲೆ ಮಾತ್ರ ಬೇರೆ.

ಐದನೆಯ ತಿಂಗಳಲ್ಲಿ ಹೊಸ ಸದಸ್ಯೆ ಬಂದರು. ಕೆಳಗಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವರು. ಟೈಲರಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಪರೀಕ್ಷೆಯ ರೆಕಾರ್ಡು ಮುಗಿಯಿತು. ಹದಿನಾಲ್ಕು ಬೆರಳುಗಳು ಮೂರು ಸಲ ಮೇಲೆದ್ದು ಇಳಿದವು. ಟೈಲರಮ್ಮ ಸುತ್ತಲೂ ನೋಡಿದರು.

"ಎಲ್ಲರೂ ಯಾಕೆ ಬೆರಳೆತ್ತಿದ್ರಿ?"

"ಗಂಟೆ ಹೊಡೀತಲ್ಲಮ್ಮ."

"ಎಲ್ಲಿ?"

ಎಲ್ಲರೂ ಕಿವಿಯವರ ಕಡೆ ನೋಡಿದರು.

"ಅದು ಹೋಗ್ಲಿ. ಆಯಮ್ಮ ಯಾಕೆ ಕಂಬಳಿ ಹೊದ್ಕೊಂಡು ಹಾಡ್ತಾರೆ? ಜ್ವರವಾ?"

ಅಂದೇ ಹೊಸ ಕಲಮು ಸೇರಿತು: 'ಹೊಸ ಸದಸ್ಯರಿಗೆ ಕೇಳಿಸಿದ್ದನ್ನೂ ಕೇಳಿಸದಿದ್ದನ್ನೂ ಮೊದಲ ಆರು ತಿಂಗಳು ಪರಿಗಣಿಸತಕ್ಕದ್ದಲ್ಲ.'

ಟೈಲರಮ್ಮ ಬಿಡುವವರಲ್ಲ. ಮೆಟ್ಟಿಲಿಳಿಯುವಾಗ ಕಿವಿಯವರನ್ನು ಹಿಡಿದು ನಿಲ್ಲಿಸಿ ಎರಡು ನಿಮಿಷ ಏನೋ ಹೇಳಿದರು. ಆಕೆಯದು ತೆಳುವಾದ ಧ್ವನಿ. ಕಿವಿಯವರಿಗೆ ಕಂಡದ್ದು ತುಟಿ ಮಾತ್ರ. "ಹ್ಞೂಂ" ಎಂದರು. ಹಾಗಾದರೆ ಬರೆದುಕೊಡುತ್ತೇನೆಂದು ಆಕೆ ಬರೆದೇ ಕೊಟ್ಟರು.

'ಮಾನ್ಯರೇ, ನಾನು ದಿನಕ್ಕೆ ಎಂಟು ಗಂಟೆ ಮಷೀನಿನ ಮುಂದೆ ಕೂರುವವಳು. ಸೂಜಿ ಮೊಂಡಾದರೆ ಶಬ್ದದಲ್ಲೇ ಹೇಳುತ್ತೇನೆ. ನಿಮ್ಮ ಸ್ಪೀಕರಿನಲ್ಲಿ ಗಂಟೆ ಇಲ್ಲ. ಪಿಟೀಲು ಪಕ್ಕದ ಮನೆಯಲ್ಲಿದೆ. ಎಲ್ಲೋ ಹೊಲಿಗೆ ಬಿಟ್ಟಿದೆ. ದಯವಿಟ್ಟು ನೋಡಿ. ಬೇರೆ ಯಾರೂ ಮುಟ್ಟಬಾರದಂತೆ.'

ಮರುದಿನ ಮಧ್ಯಾಹ್ನ ಕಿವಿಯವರು ಒಬ್ಬರೇ ಮಹಡಿ ಹತ್ತಿದರು. ತಿರುಪುಗಳನ್ನು ನೋಡಿದರು. ತಂತಿಗಳನ್ನು ನೋಡಿದರು. ಎಲ್ಲ ಸರಿಯಾಗಿತ್ತು. ಆಮೇಲೆ ಮುಂದಿನ ಗುಂಡಿ ಕಣ್ಣಿಗೆ ಬಿತ್ತು.

ರೆಕಾರ್ಡು ಹಾಕಿದರು. ಗುಂಡಿಯನ್ನು 'ಎರಡೂ' ಎಂಬಲ್ಲಿಗೆ ತಿರುಗಿಸಿದರು. ಕೇಳಿದರು. ಮತ್ತೆ 'ಎ'. ಕೇಳಿದರು. ಮತ್ತೆ 'ಎರಡೂ'. ಹತ್ತು ಸಲ ತಿರುಗಿಸಿದರು. ಸ್ಪೀಕರಿಗೆ ಕಿವಿಯನ್ನು ಆನಿಸಿ ಕೇಳಿದರು. ಬಲಗಿವಿ, ಎಡಗಿವಿ. ಹತ್ತು ಸಲವೂ ಒಂದೇ ಹಾಡು, ಒಂದೇ ಕಂಬಳಿ.

ಅವರು ಕುರ್ಚಿಯಲ್ಲಿ ಕೂತರು. ಹಕ್ಕಿಗಳ ವಿಷಯದಲ್ಲಿ ನಗರಸಭೆ ನಿಜ ಹೇಳಿತ್ತು.

ಗುಂಡಿಯನ್ನು 'ಎ'ಗೆ ತಿರುಗಿಸಿಟ್ಟರೆ ಹುದ್ದೆ ಉಳಿಯುತ್ತದೆ. 'ಎರಡೂ' ಎಂಬಲ್ಲಿ ಬಿಟ್ಟರೆ, ಸಂಜೆ ಗಂಟೆ ಹೊಡೆಯುತ್ತದೆ. ಐದು ತಿಂಗಳು ಅದು ಹೊಡೆಯಲಿಲ್ಲವೆಂದು ಎಲ್ಲರಿಗೂ ತಿಳಿಯುತ್ತದೆ. ಕಿವಿಯವರಿಗೆ ಅದು ತಿಳಿಯಲಿಲ್ಲವೆಂಬುದೂ ತಿಳಿಯುತ್ತದೆ. ಮೂವತ್ತನಾಲ್ಕು ವರ್ಷ ಅವರು ತಪ್ಪು ತಕ್ಕಡಿಗಳನ್ನು ಅಂಗಡಿಯವರ ಎದುರೇ ಮುಟ್ಟುಗೋಲು ಹಾಕಿಕೊಂಡಿದ್ದರು. ಗುಂಡಿಯನ್ನು 'ಎರಡೂ' ಎಂಬಲ್ಲೇ ಬಿಟ್ಟು ಮೆಟ್ಟಿಲಿಳಿದರು.

ಸಂಜೆ ರೆಕಾರ್ಡು ಶುರುವಾದ ಕೂಡಲೇ ಅಧ್ಯಕ್ಷರು ಕೆನ್ನೆ ಹಿಡಿದುಕೊಂಡರು.

"ಅಯ್ಯೋ, ಏನಿದು? ನನ್ನ ಹಲ್ಲು ಕೊರೆಯೋ ಮಷೀನ್ ಇದ್ದಂಗಿದೆ!"

"ಅದು ಪಿಟೀಲು" ಎಂದರು ಟೈಲರಮ್ಮ.

ಹಾಡು ಮುಗಿಯಿತು. ಕಿವಿಯವರು ಅಂದು ಎಣಿಸಲಿಲ್ಲ, ಬೆರಳೆತ್ತಲಿಲ್ಲ. ಗಂಟೆ ಹೊಡೆಯಿತು. ಮೂರು ಸಲ, ಸ್ಪಷ್ಟವಾಗಿ.

"ಗಂಟೆ ಕೇಳಿಸಿಬಿಡ್ತು!" ಎಂದು ಕಾರ್ಯದರ್ಶಿಗಳು ಚೀರಿದರು. "ಎಲ್ಲರಿಗೂ ಕೇಳಿಸಿಬಿಡ್ತು! ದಾರೀಲಿ ಹೋಗೋರಿಗೂ ಕೇಳಿಸೋ ಹಾಗಿದ್ರೆ ಸಂಘ ಯಾಕ್ರೀ ಬೇಕು?"

"ಈಗ ಬಂತು ನೋಡಿ ಹಾಡು!" ಎಂದು ಟೈಲರಮ್ಮ ಚಪ್ಪಾಳೆ ತಟ್ಟಿ ನಕ್ಕರು.

ಗುಂಡಿ ತಿರುಗಿರುವುದು ಪತ್ತೆಯಾಯಿತು. ಅಲ್ಲೇ ವಿಚಾರಣೆ ಏರ್ಪಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಯಾರೂ ಇರಲಿಲ್ಲ. ಆದರೆ ನಕ್ಕವರು ಒಬ್ಬರಿದ್ದರು. ಅಷ್ಟು ಸಾಕ್ಷ್ಯ ಸಾಕಾಯಿತು. ಹನ್ನೆರಡನೆಯ ಕಲಮಿನ ಉಲ್ಲಂಘನೆಗಾಗಿ ಟೈಲರಮ್ಮನವರನ್ನು ವಜಾ ಮಾಡುವ ಠರಾವನ್ನು ಕಾರ್ಯದರ್ಶಿಗಳು ಬರೆಯತೊಡಗಿದರು.

ಕಿವಿಯವರಿಗೆ ಮಾತು ಪೂರ್ತಿ ಕೇಳಿಸಲಿಲ್ಲ. ಆದರೆ ಎಲ್ಲರ ಬೆರಳೂ ಯಾರ ಕಡೆ ಇದೆಯೆಂದು ಕಾಣಿಸಿತು. ಎದ್ದು ನಿಂತರು. ಹನ್ನೊಂದು ವರ್ಷದಲ್ಲಿ ಅಷ್ಟು ಉದ್ದ ಮಾತಾಡಿರಲಿಲ್ಲ.

"ಗುಂಡಿ ತಿರುಗಿಸಿದ್ದು ನಾನು. ಮೊದಲ ದಿನವೇ ತಿರುಗಿಸಬೇಕಿತ್ತು. ನನಗೆ ಗಂಟೆ ಕೇಳಿಸೋದಿಲ್ಲ. ಆರು ವರ್ಷ ಆಯ್ತು."

ಗೋಡೆಯ ಗಡಿಯಾರ ಟಿಕ್ ಟಿಕ್ ಎಂದಿತು. ಅದೂ ಉಳಿದವರಿಗೆ ಮಾತ್ರ.

"ಅಂದ್ರೆ ನಾವೆಲ್ಲ ಬೆರಳೆತ್ತಿದ್ದು?" ಎಂದರು ಅಧ್ಯಕ್ಷರು ಮೆಲ್ಲಗೆ.

"ಸುಮ್ಮನಿರಿ ಡಾಕ್ಟ್ರೇ" ಎಂದರು ಕಾರ್ಯದರ್ಶಿಗಳು. ಅವರ ಕಣ್ಣು ಗೋಡೆಯ ಪ್ರಮಾಣಪತ್ರದ ಮೇಲಿತ್ತು. ಆಮೇಲೆ ನಡಾವಳಿ ಪುಸ್ತಕದ ಮೇಲೆ. ಆಮೇಲೆ, ಅಂಗಡಿಯಲ್ಲಿ ಉಳಿದ ಹತ್ತಿ ಪೊಟ್ಟಣಗಳು ನೆನಪಾಗಿರಬೇಕು, ಗಂಟಲು ಸರಿಮಾಡಿಕೊಂಡರು. "ಇದರಲ್ಲಿ ಒಂದು ತಾಂತ್ರಿಕ ತೊಡಕಿದೆ. ಕೇಳಿಸುತ್ತೋ ಇಲ್ವೋ ಅಂತ ತೀರ್ಮಾನಿಸೋ ಅಧಿಕಾರ ಕಿವಿಗೆ ಮಾತ್ರ. ಕಿವಿಗೆ ಕೇಳಿಸದಿದ್ರೆ ಹುದ್ದೆ ತೆರವು. ಹುದ್ದೆ ತೆರವಾದವರಿಗೆ ತೀರ್ಮಾನಿಸೋ ಅಧಿಕಾರ ಇಲ್ಲ. ಆದ್ದರಿಂದ ಈ ಹೇಳಿಕೆ ಅಸಿಂಧು."

ಎಲ್ಲರ ಉಸಿರೂ ಒಟ್ಟಿಗೆ ಹೊರಬಿತ್ತು.

"ದೊಡ್ಡವರು" ಎಂದರು ಅಧ್ಯಕ್ಷರು. "ವಿನಯಕ್ಕೆ ಹಾಗಂತಾರೆ."

"ವಿನಯ ಅಲ್ಲ, ಕಿವುಡು" ಎಂದರು ಕಿವಿಯವರು.

'ಕಿವಿಯವರ ವಿನಯವನ್ನು ಸಭೆ ಮೆಚ್ಚಿತು' ಎಂದು ಕಾರ್ಯದರ್ಶಿಗಳು ಬರೆದುಕೊಂಡರು.

ಟೈಲರಮ್ಮನವರ ವಜಾ ಕೈಬಿಡಲಾಯಿತು. ಗುಂಡಿಯನ್ನು 'ಎ'ಗೆ ತಿರುಗಿಸಿ ಅರಗಿನ ಮುದ್ರೆ ಹಾಕಲಾಯಿತು. ಪುಟ್ಟ ಸ್ಪೀಕರುಗಳಿಗೆ ಮುಂದೆಂದೂ ಧ್ವನಿ ಹೊರಡದಂತೆ ದಪ್ಪ ಬಟ್ಟೆಯ ಮುಸುಕು ತೊಡಿಸಬೇಕೆಂದೂ, ಅದನ್ನು ಸದಸ್ಯರೇ ಹೊಲಿಯುವುದು ಸೂಕ್ತವೆಂದೂ ತೀರ್ಮಾನವಾಯಿತು. ಟೈಲರಮ್ಮ ಒಂದು ಗಳಿಗೆ ಕಿವಿಯವರನ್ನು ನೋಡಿದರು. ಆಮೇಲೆ ಕುತ್ತಿಗೆಯಿಂದ ಟೇಪು ತೆಗೆದರು.

"ಒಂದು ಪದರವಾ, ಎರಡಾ?" ಎಂದು ಕೇಳಿದರು.

ಎರಡು ಎಂದಾಯಿತು. ಎರಡು ಜೊತೆ ತಂತಿಗೆ ಎರಡು ಪದರವೇ ಶೋಭೆ.

ಮೂರು ದಿನಕ್ಕೆ ಠರಾವಿನ ಪ್ರತಿ ಕಿವಿಯವರ ಮನೆಗೆ ಬಂತು, ಅನುಸರಣೆಗಾಗಿ. ಹೆಂಡತಿ ಕನ್ನಡಕ ಹಾಕಿಕೊಂಡು ಓದಿದರು.

'ಒಂದು: ಕಿವಿಯವರನ್ನು ಆಜೀವ ಕಿವಿಯಾಗಿ ನೇಮಿಸಲಾಗಿದೆ. ಎರಡು: ಕಿವಿಯ ಈಗಿನ ಸ್ಥಿತಿಯೇ ಮೊದಲ ದರ್ಜೆಗೆ ಆಧಾರವಾಗಿರುವುದರಿಂದ ಅದನ್ನು ಸಂಘದ ಆಸ್ತಿ ಎಂದು ಘೋಷಿಸಲಾಗಿದೆ. ಸಭೆಯ ಅನುಮತಿಯಿಲ್ಲದೆ ಅದಕ್ಕೆ ಔಷಧಿ, ಯಂತ್ರ ಅಥವಾ ಇನ್ನಾವುದೇ ದುರಸ್ತಿ ಮಾಡಿಸತಕ್ಕದ್ದಲ್ಲ. ಮೂರು: ಮನೆಯವರು ಸದರಿ ಆಸ್ತಿಯ ಹತ್ತಿರ ದಪ್ಪ ಧ್ವನಿಯಲ್ಲಿ ಮಾತ್ರ ಮಾತನಾಡತಕ್ಕದ್ದು. ಒಪ್ಪಿಗೆಗೆ ಕೆಳಗೆ ಸಹಿ ಮಾಡುವುದು.'

"ಇವರ ಸಂಘಕ್ಕಿಷ್ಟು ಬೆಂಕಿ ಹಾಕ!" ಎಂದರು ಹೆಂಡತಿ. "ನೀವು ನಿಜ ಹೇಳಿದ್ರೋ ಇಲ್ವೋ?"

ಕಿವಿಯವರು ಕಿಟಕಿಯಾಚೆಯ ಮರ ನೋಡುತ್ತಿದ್ದರು. ತಿರುಗಲಿಲ್ಲ.

ಆಕೆ ಕಾಗದವನ್ನು ಮೇಜಿನ ಮೇಲೆಸೆದು ಒಳಗೆ ಹೋದರು. ಅಡುಗೆಯಾಯಿತು. ಎಂದಿನಂತೆ ಬಾಗಿಲಿಗೆ ಬಂದು ಕರೆದರು. ಎಂದಿನಂತೆ ಅವರು ಅಲುಗಲಿಲ್ಲ. ಆಕೆ ಹಿಂದೆ ಮುಂದೆ ನೋಡಿದರು. ಯಾರೂ ಇರಲಿಲ್ಲ. ಗದ್ದವನ್ನು ಎದೆಗೊತ್ತಿ, ಲಾರಿ ಡ್ರೈವರನಂಥ ಗಡಸು ಧ್ವನಿಯಲ್ಲಿ, "ಊಟಕ್ಕೆ ಬನ್ನಿ" ಎಂದರು.

ಆರು ವರ್ಷದಲ್ಲಿ ಮೊದಲ ಸಲ ಅವರು ಒಂದೇ ಕರೆಗೆ ಎದ್ದು ಬಂದರು.

ಆಕೆ ಬಡಿಸಿದರು. ಕೈ ಒರೆಸಿಕೊಂಡರು. ಪೆನ್ನು ಹುಡುಕಿ, ಕಾಗದಕ್ಕೆ ಸಹಿ ಹಾಕಿದರು.